ಅಡಗಿ ಕುಳಿತಿದ್ದ ಧರ್ಮಾಧ್ಯಕ್ಷರು

ಮಕ್ಕಳೇ, ರಕ್ತಸಾಕ್ಷಿಗಳ ಕಥೆ ಹೇಳುವಾಗ ನಾವು ಹಿರಿಯರು ಒಂದು ಜಾಣತನ ಮಾಡುತ್ತೇವೆ. ಅವರ ಕೊನೆಯ ದಿನವನ್ನಷ್ಟೇ ಹೇಳಿ ಹಿಂದಿನ ವರ್ಷಗಳನ್ನೆಲ್ಲ ನುಂಗಿಬಿಡುತ್ತೇವೆ. ಸಿಂಹ, ಬೆಂಕಿ, ಕತ್ತಿ, ಆಮೇಲೆ ಸ್ವರ್ಗ. ಕೇಳಿದ ನಿಮಗೆ ಮೈ ಜುಮ್ಮೆನ್ನುತ್ತದೆ, ನಮಗೂ ಪಾಠ ಒಪ್ಪಿಸಿದ ಸಮಾಧಾನ. ಆದರೆ ನಾಳೆ ಬೆಳಿಗ್ಗೆ ನಿಮಗೆ ಅದರಿಂದ ಆಗುವ ಉಪಯೋಗ ಅಷ್ಟಕ್ಕಷ್ಟೇ. ನಿಮ್ಮೆದುರು ಸಿಂಹ ಬರುವುದಿಲ್ಲ. ಒಂದು ಕಾಗದ ಬರುತ್ತದೆ, ಸಹಿ ಹಾಕು ಎನ್ನುತ್ತಾರೆ. ಜೊತೆಗಿದ್ದವರ ಹೆಸರು ಹೇಳು ಎನ್ನುತ್ತಾರೆ. ಎಲ್ಲರೂ ಹಾಕಿದ್ದಾರೆ, ನಿನ್ನದೇನು ಹೆಚ್ಚುಗಾರಿಕೆ ಎನ್ನುತ್ತಾರೆ.

ಅದಕ್ಕೇ ಕಾರ್ತೇಜಿನ ಸಿಪ್ರಿಯನ್ನರ ವಿಷಯ ಹೇಳುತ್ತೇನೆ. ಬಲಿಪೂಜೆಯಲ್ಲಿ ಗುರುಗಳು ರೋಮಿನ ಹಳೆಯ ಪ್ರಾರ್ಥನೆಯನ್ನು ಆರಿಸಿಕೊಂಡ ದಿನ, ಸಂತರ ಹೆಸರುಗಳ ಸಾಲಿನಲ್ಲಿ ಕೊರ್ನೇಲಿಯಸ್ ಆದ ಮೇಲೆ, ಲಾರೆನ್ಸ್‌ಗಿಂತ ಮೊದಲು ಇವರ ಹೆಸರು ಬರುತ್ತದೆ. ಗಮನ ಇಟ್ಟು ಕೇಳದಿದ್ದರೆ ದಾಟಿಯೇ ಹೋಗುತ್ತದೆ. ಇವರ ತಲೆ ಬಿದ್ದದ್ದು 258ರ ಸೆಪ್ಟೆಂಬರ್ 14ರಂದು. ಅದಕ್ಕೆ ಎಂಟು ವರ್ಷ ಹಿಂದೆ ಇದೇ ಮನುಷ್ಯ, ಧರ್ಮಾಧ್ಯಕ್ಷರಾಗಿದ್ದಾಗಲೇ, ಊರು ಬಿಟ್ಟು ಹೋಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅಡಗಿ ಕುಳಿತಿದ್ದರು. ನಾವು ಸಾಮಾನ್ಯವಾಗಿ ನುಂಗಿಬಿಡುವ ಭಾಗ ಅದೇ. ನನಗೆ ಹೇಳಬೇಕಾಗಿರುವುದೂ ಅದೇ.

ಕಾರ್ತೇಜ್ ಈಗಿನ ಟುನೀಶಿಯಾದ ಸಮುದ್ರ ದಂಡೆಯಲ್ಲಿದ್ದ ಮಹಾನಗರ. ಸಿಪ್ರಿಯನ್ ಅಲ್ಲಿನ ಸಿರಿವಂತ, ಹೆಸರಾಂತ ವಾಗ್ಮಿ. ಸುಮಾರು 246ರಲ್ಲಿ, ನಡುವಯಸ್ಸಿನಲ್ಲಿ, ದೀಕ್ಷಾಸ್ನಾನ ಪಡೆದು ಆಸ್ತಿಯ ಬಹುಪಾಲನ್ನು ಬಡವರಿಗೆ ಹಂಚಿದರು. ಎರಡು ಮೂರು ವರ್ಷ ಕಳೆಯುವುದರೊಳಗೆ ಜನ ಹಟ ಹಿಡಿದು ಅವರನ್ನು ಧರ್ಮಾಧ್ಯಕ್ಷರ ಪೀಠದಲ್ಲಿ ಕೂರಿಸಿದರು. ಅಲ್ಲಿಯೇ ಕೂದಲು ನರೆಸಿಕೊಂಡಿದ್ದ ಐವರು ಗುರುಗಳಿಗೆ ಇದನ್ನು ಸಹಿಸಲಾಗಲಿಲ್ಲ. ನಿನ್ನೆ ಮೊನ್ನೆ ಬಂದವನು ನಮ್ಮ ತಲೆಯ ಮೇಲೆ ಕೂತನಲ್ಲ ಎಂಬ ಸಂಕಟ. ಆ ಸಂಕಟ ಮುಂದೆ ಸಿಪ್ರಿಯನ್ನರನ್ನು ಬಹಳ ಕಾಡಿತು.

ಪೀಠವೇರಿ ಹೆಚ್ಚು ದಿನ ಆಗಿರಲಿಲ್ಲ. ಡೀಸಿಯಸ್ ಚಕ್ರವರ್ತಿಯ ಆಜ್ಞೆ ಬಂತು: ಸಾಮ್ರಾಜ್ಯದ ಪ್ರತಿಯೊಬ್ಬರೂ ದೇವತೆಗಳಿಗೆ ಬಲಿ ಕೊಟ್ಟು, ಪಾನೀಯ ಸುರಿದು, ಬಲಿಯ ಮಾಂಸ ರುಚಿ ನೋಡಿ, ಅದಕ್ಕೆ ಸಾಕ್ಷಿಯಾಗಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕು. ಈಜಿಪ್ಟಿನ ಮರಳಿನಲ್ಲಿ ಇಂಥ 40ಕ್ಕೂ ಹೆಚ್ಚು ಪತ್ರಗಳು ಸಿಕ್ಕಿವೆ. ಒಂದರಲ್ಲಿ ಡಯಾಜಿನಿಸ್ ಎಂಬ ಹಳ್ಳಿಯ ಮುದುಕನ ಹೆಸರಿದೆ. ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಗುರುತು ಎಂದು ಬರೆದಿದ್ದಾರೆ. ತಾರೀಖು ನಮ್ಮ ಲೆಕ್ಕದಲ್ಲಿ 250ರ ಜೂನ್ 26. ಇನ್ನೊಂದು ಪತ್ರ ಮೊಸಳೆ ದೇವರ ಪೂಜಾರಿಣಿಯೊಬ್ಬಳದು. ದೇವರ ಸೇವೆಯೇ ಕಸುಬಾಗಿದ್ದವಳೂ ದೇವರಿಗೆ ನಡೆದುಕೊಳ್ಳುತ್ತೇನೆಂದು ಸರ್ಕಾರಕ್ಕೆ ಬರೆದುಕೊಡಬೇಕಾಯಿತು! ಅಧಿಕಾರಕ್ಕೆ ಕಾಗದದ ಹುಚ್ಚು ಹಿಡಿದರೆ ಹೀಗೇ. ಅದಕ್ಕೆ ನಿಮ್ಮ ಭಕ್ತಿ ಬೇಡ, ನಿಮ್ಮ ಸಹಿ ಬೇಕು.

ರೋಮಿನಲ್ಲಿ ಪೋಪ್ ಫೇಬಿಯನ್ 250ರ ಜನವರಿ 20ರಂದು ಪ್ರಾಣ ಕೊಟ್ಟರು. ಕಾರ್ತೇಜಿನ ರಂಗಮಂಟಪದಲ್ಲಿ ಸಿಪ್ರಿಯನ್ನರನ್ನು ಸಿಂಹಕ್ಕೆ ಹಾಕಿ ಎಂಬ ಕೂಗು ಎದ್ದಿತು. ಅವರು ನಿಲ್ಲಲಿಲ್ಲ. ಹೊರಟುಹೋದರು. ಸರ್ಕಾರ ಅವರ ಆಸ್ತಿ ಮುಟ್ಟುಗೋಲು ಹಾಕಿಕೊಂಡಿತು.

ಇನ್ನೊಂದು ವಿಷಯ ಗಮನಿಸಿ. ಸಿಪ್ರಿಯನ್ನರು ಗುರುವೆಂದು ನಂಬಿ ಓದುತ್ತಿದ್ದದ್ದು ಅದೇ ಊರಿನ ಟೆರ್ಟುಲಿಯನ್ ಎಂಬ ಉಗ್ರ ಬರಹಗಾರನನ್ನು. ಹಿಂಸೆ ಬಂದಾಗ ಓಡಿಹೋಗುವುದು ತಪ್ಪು ಎಂದು ವಾದಿಸಲಿಕ್ಕೇ ಆತ ಒಂದು ಪುಸ್ತಕ ಬರೆದಿದ್ದ. ಅಂದರೆ ತಾವು ಮೆಚ್ಚಿದ ಲೇಖಕ ಏನೆನ್ನುತ್ತಿದ್ದ ಎಂಬುದು ಗೊತ್ತಿದ್ದೂ ಸಿಪ್ರಿಯನ್ನರು ಹೋದರು. ಒಂದೂರಲ್ಲಿ ಹಿಂಸಿಸಿದರೆ ಇನ್ನೊಂದೂರಿಗೆ ಹೋಗಿ ಎಂದು ಶುಭಸಂದೇಶದಲ್ಲೇ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಊರಿನ ಬಾಯಿಗೆ ಅಷ್ಟು ಸಾಕಾಗುತ್ತದೆಯೇ? ರೋಮಿನ ಗುರುಗಳಿಂದ ಕಾರ್ತೇಜಿನ ಗುರುಗಳಿಗೆ ಒಂದು ಪತ್ರ ಬಂತು. ತೋಳ ಬಂದಾಗ ಕುರಿ ಬಿಟ್ಟು ಓಡುವ ಕೂಲಿಕಾರನ ಮಾತನ್ನು ಅದರಲ್ಲಿ ನಯವಾಗಿ ಸೇರಿಸಿದ್ದರು. ಯಾರನ್ನು ಕುರಿತು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಿಪ್ರಿಯನ್ನರ ಕೈಗೆ ಆ ಪತ್ರ ಸಿಕ್ಕಿತು. ಇದರ ಬರವಣಿಗೆ, ಒಕ್ಕಣೆ, ಕಾಗದ ಎಲ್ಲವೂ ನನಗೆ ಅನುಮಾನ ತರಿಸಿವೆ, ಇದು ನಿಮ್ಮದೇ ಹೌದೋ ಅಲ್ಲವೋ ನೋಡಿ ಹೇಳಿ ಎಂದು ಅದನ್ನೇ ಮಡಚಿ ವಾಪಸು ಕಳಿಸಿದರು. ವಾಗ್ಮಿಯ ಹಳೆಯ ಹಲ್ಲು ಇನ್ನೂ ಗಟ್ಟಿಯಾಗಿತ್ತು ಅನ್ನಿ. ಆದರೆ ಆಮೇಲೆ ಮಾಡಿದ್ದು ಇನ್ನೂ ಮುಖ್ಯ. ಅಡಗಿದ ಮೇಲೆ ತಮ್ಮವರಿಗೆ ಬರೆದ 13 ಪತ್ರಗಳ ಪ್ರತಿ ಮಾಡಿಸಿ ರೋಮಿಗೆ ಕಳಿಸಿದರು. ನಾನು ಹೇಡಿಯಲ್ಲ ಎಂದು ವಾದಕ್ಕೆ ನಿಲ್ಲುವ ಬದಲು ಇಷ್ಟು ದಿನ ಮಾಡಿದ ಕೆಲಸವನ್ನು ಮುಂದಿಟ್ಟರು. ನಿಮ್ಮನ್ನು ಯಾರಾದರೂ ಹಾಗೆ ಚುಚ್ಚಿದರೆ ಫೋನು ತೆಗೆದು ಉದ್ದುದ್ದ ಸಮಜಾಯಿಷಿ ಬರೆಯಲು ಕೂರಬೇಡಿ. ತೋರಿಸಲು ಕೆಲಸವಿದೆಯೇ, ಅದನ್ನು ತೋರಿಸಿ. ಇಲ್ಲವೇ, ಬೈದವರು ಹೇಳಿದ್ದರಲ್ಲಿ ಹುರುಳಿರಬಹುದು.

ಆ ಪತ್ರಗಳಲ್ಲಿ ಏನಿತ್ತು? ದೊಡ್ಡ ಧರ್ಮೋಪದೇಶವೇನಲ್ಲ, ಸಂಸಾರಸ್ಥನೊಬ್ಬ ಪರಸ್ಥಳದಿಂದ ಮನೆಗೆ ಬರೆದ ಕಾಗದದಂತೆ ಸಣ್ಣ ಸಣ್ಣ ಸಂಗತಿಗಳು. ವಿಧವೆಯರು, ಕಾಯಿಲೆಯವರು, ಬಡವರು, ಪರಊರಿನವರು ಇವರ ಖರ್ಚಿಗೆ ರೊಗೇಷಿಯಾನಸ್ ಎಂಬ ಗುರುಗಳ ಬಳಿ ನನ್ನ ಹಣ ಇಟ್ಟಿದ್ದೇನೆ, ಅದರಿಂದ ಕೊಡಿ. ಸೆರೆಯಲ್ಲಿರುವವರನ್ನು ನೋಡಲು ಗುಂಪು ಕಟ್ಟಿಕೊಂಡು ಹೋಗಬೇಡಿ, ಕಾವಲಿನವರಿಗೆ ಅನುಮಾನ ಬಂದರೆ ಒಳಗೆ ಬಿಡುವುದನ್ನೇ ನಿಲ್ಲಿಸುತ್ತಾರೆ. ಅಲ್ಲಿ ಪೂಜೆ ಮಾಡುವ ಗುರುವನ್ನೂ ಜೊತೆಯ ಡೀಕನ್ ಸೇವಕನನ್ನೂ ಸರದಿಯಂತೆ ಬದಲಿಸುತ್ತಿರಿ, ಮುಖ ಬದಲಾದಷ್ಟೂ ಅನುಮಾನ ಕಡಿಮೆ. ಸೆರೆಮನೆಯಲ್ಲಿ ಯಾರಾದರೂ ತೀರಿಕೊಂಡರೆ ತಾರೀಖು ಬರೆದಿಡಿ, ಮುಂದೆ ಅವರ ಸ್ಮರಣೆ ಮಾಡಬೇಕು. ಈ ಕೊನೆಯ ಮಾತನ್ನು ನಾನು ಎಷ್ಟು ಸಲ ಓದಿದರೂ ಅಲ್ಲೇ ನಿಲ್ಲುತ್ತೇನೆ. ತಾನು ಬದುಕುತ್ತೇನೋ ಇಲ್ಲವೋ ಗೊತ್ತಿಲ್ಲದವನು ಅಷ್ಟು ಕಟ್ಟುನಿಟ್ಟಾಗಿ ಲೆಕ್ಕ ಇಡುತ್ತಿದ್ದ!

ಊರಿನಲ್ಲೇ ಇದ್ದವರೆಲ್ಲ ವೀರರಾದರೇ? ಅದೂ ಇಲ್ಲ. ಆಜ್ಞೆ ಹೊರಟದ್ದೇ ತಡ ಕಾರ್ತೇಜಿನ ಕ್ರೈಸ್ತರಲ್ಲಿ ಬಹಳ ಜನ, ಯಾರೂ ಹಿಡಿಯಲು ಬರುವ ಮೊದಲೇ, ಚೌಕಕ್ಕೆ ಓಡಿದರು. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೆ, ಇವತ್ತೇ ಮುಗಿಸಿಬಿಡಿ ಎಂದು ಗೋಗರೆದವರಿದ್ದರು. ಕೈಗೂಸುಗಳನ್ನು ಎತ್ತಿಕೊಂಡು ಹೋದ ತಂದೆತಾಯಿಗಳಿದ್ದರು. ಇನ್ನು ಕೆಲವರು ಬುದ್ಧಿವಂತರು. ಬಲಿ ಕೊಡದೆ ದುಡ್ಡು ಕೊಟ್ಟು ಪ್ರಮಾಣಪತ್ರ ಮಾತ್ರ ಕೊಂಡರು. ಇದನ್ನೆಲ್ಲ ಬರೆದಿಟ್ಟವರು ಸ್ವತಃ ಸಿಪ್ರಿಯನ್ನರೇ, ಹೀಗೆ ನಂಬಿಕೆಯಿಂದ ಬಿದ್ದವರನ್ನು ಕುರಿತು ಬರೆದ ಪುಸ್ತಕದಲ್ಲಿ. ಸಿಟ್ಟಿನಿಂದಲೇ ಬರೆದರು. 251ರ ಪಾಸ್ಕ ಹಬ್ಬದ ನಂತರ ಊರಿಗೆ ಮರಳಿದ ಅವರಿಗೆ ಎದುರಾದ ಮೊದಲ ಪ್ರಶ್ನೆಯೂ ಇದೇ: ಬಿದ್ದ ಇಷ್ಟೊಂದು ಜನರನ್ನು ಏನು ಮಾಡುವುದು?

ಎರಡು ಪಕ್ಷಗಳಾದವು. ರೋಮಿನಲ್ಲಿ ನೊವೇಷಿಯನ್ ಎಂಬ ಪಂಡಿತ, ಬಿದ್ದವರಿಗೆ ಬಾಗಿಲು ಮುಚ್ಚಿತು, ಮತ್ತೆ ತೆರೆಯುವ ಮಾತೇ ಇಲ್ಲ ಎಂದ. ಕಾರ್ತೇಜಿನಲ್ಲಿ ಸಿಪ್ರಿಯನ್ನರನ್ನು ಕಂಡರಾಗದ ಆ ಹಳೆಯ ಗುರುಗಳ ಕೂಟ, ಎಲ್ಲರೂ ಇವತ್ತೇ ಬಂದು ಪರಮಪ್ರಸಾದ ತೆಗೆದುಕೊಳ್ಳಿ ಎಂದಿತು. ಇದಕ್ಕೆ ಸೆರೆಯಲ್ಲಿದ್ದವರ ಚೀಟಿಗಳ ಕಾಟ ಬೇರೆ. ನಂಬಿಕೆಗಾಗಿ ಸೆರೆ ಸೇರಿದವರ ಮಾತಿಗೆ ಧರ್ಮಸಭೆಯಲ್ಲಿ ತೂಕ ಹೆಚ್ಚು. ಅವರು ಧಾರಾಳವಾಗಿ ಶಿಫಾರಸು ಚೀಟಿ ಬರೆಯತೊಡಗಿದರು, ಇಂಥವನು ಮತ್ತು ಅವನ ಮನೆಯವರು ಎಂದು. ಮನೆಯವರು ಎಂದರೆ ಎಷ್ಟು ಜನ? ಇಪ್ಪತ್ತೋ ಮೂವತ್ತೋ ಅದಕ್ಕೂ ಹೆಚ್ಚೋ, ಯಾರನ್ನು ಬೇಕಾದರೂ ತುರುಕಬಹುದಲ್ಲ ಎಂದು ಸಿಪ್ರಿಯನ್ನರು ಆಕ್ಷೇಪಿಸಿದರು. ಹೆಸರು ಹೇಳಿ, ಆ ವ್ಯಕ್ತಿಯನ್ನು ನೀವೇ ಬಲ್ಲಿರಾ ನೋಡಿ, ಅವನು ಪಶ್ಚಾತ್ತಾಪ ಪಟ್ಟಿದ್ದಾನೆಯೇ ವಿಚಾರಿಸಿ ಎಂದರು. ನಮ್ಮ ಕಡೆ ಶಿಫಾರಸು ಪತ್ರ ಹೇಗೆ ನಡೆಯುತ್ತದೆಂದು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಅವರು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಬೋನಾ ಎಂಬ ಹೆಂಗಸಿನ ವಿಷಯ ಬಂತು. ಗಂಡನೇ ಅವಳನ್ನು ಬಲಿಪೀಠಕ್ಕೆ ಎಳೆದೊಯ್ದಿದ್ದ. ಅವಳ ಕೈಯನ್ನು ಬೇರೆಯವರು ಹಿಡಿದು ಬಲಿ ಮಾಡಿಸಿದ್ದರು. ಇದು ನಾನು ಮಾಡಿದ್ದಲ್ಲ, ನೀವು ಮಾಡಿದ್ದು ಎಂದು ಅವಳು ಕೂಗಿಕೊಂಡಿದ್ದಳು. ಅವಳನ್ನು ಬಿದ್ದವಳು ಎನ್ನುವುದಾದರೂ ಹೇಗೆ? ಮೊದಲು ಗಟ್ಟಿಯಾಗಿ ನಿಂತು, ಆಮೇಲೆ ರಾಜ್ಯಪಾಲನೆದುರು ಚಿತ್ರಹಿಂಸೆ ತಾಳಲಾರದೆ ಸೋತ ಮೂವರ ವಿಷಯವೂ ಬಂತು. ಮೂರು ವರ್ಷ ಪಶ್ಚಾತ್ತಾಪ ಪಟ್ಟಿದ್ದಾರೆ, ಸಾಕು, ಸೋತದ್ದು ಅವರ ಮೈಯೇ ಹೊರತು ಮನಸ್ಸಲ್ಲ ಎಂಬುದು ಸಿಪ್ರಿಯನ್ನರ ನಿಲುವು. ಇದಕ್ಕೂ ಮೊದಲು, 251ರಲ್ಲಿ ಧರ್ಮಾಧ್ಯಕ್ಷರು ಸೇರಿದ ಸಭೆಯಲ್ಲಿ, ಪ್ರಮಾಣಪತ್ರ ಕೊಂಡವರಿಗೆ ಒಂದು ದಾರಿ, ಬಲಿ ಕೊಟ್ಟೇಬಿಟ್ಟವರಿಗೆ ಇನ್ನೊಂದು ಕಠಿಣ ದಾರಿ ಎಂದು ತೀರ್ಮಾನವಾಯಿತು. ಮತ್ತೆ ಹಿಂಸೆಯ ಮೋಡ ಕವಿದಾಗ ಪಶ್ಚಾತ್ತಾಪದಲ್ಲಿದ್ದ ಎಲ್ಲರಿಗೂ ಬಾಗಿಲು ತೆರೆದರು. ನಿರಾಯುಧರನ್ನು ಯುದ್ಧಕ್ಕೆ ಕಳಿಸಲಾಗದು ಎಂಬ ಯೋಚನೆ ಅದರ ಹಿಂದಿತ್ತು.

ಇಲ್ಲಿ ನಿಮ್ಮ ಕಿವಿಗೆ ಒಂದು ಮಾತು ಹಾಕುತ್ತೇನೆ. ಸಂಕಟದಲ್ಲಿ ಬಿದ್ದವನನ್ನು ಅಳೆಯುವ ಮೊದಲು ಮೂರು ವಿಷಯ ವಿಚಾರಿಸಿ. ಅವನಾಗಿ ಓಡಿದನೋ, ಯಾರಾದರೂ ಎಳೆದೊಯ್ದರೋ. ಬೀಳುವ ಮೊದಲು ಎಷ್ಟು ಹೊತ್ತು ತಡೆದುಕೊಂಡ. ಬಿದ್ದ ಮೇಲೆ ಅತ್ತನೋ, ಅಥವಾ ಎಲ್ಲರೂ ಮಾಡಿದ್ದೇ ತಾನೇ ಎಂದು ಭುಜ ಕುಣಿಸಿದನೋ. ಇಷ್ಟು ತಿಳಿದುಕೊಳ್ಳುವಷ್ಟರಲ್ಲಿ ನಿಮ್ಮ ಆವೇಶ ಅರ್ಧ ಇಳಿದಿರುತ್ತದೆ. ನೊವೇಷಿಯನ್ನನ ದಾರಿ ಯೌವನಕ್ಕೆ ಬಹಳ ರುಚಿಸುತ್ತದೆ. ಒಂದೇ ಏಟಿಗೆ ಶುದ್ಧರು, ಅಶುದ್ಧರು ಎಂದು ಗೆರೆ ಎಳೆದುಬಿಡಬಹುದು, ನಾವು ಯಾವ ಕಡೆ ಎಂಬ ಅನುಮಾನವೂ ಇರುವುದಿಲ್ಲ. ಸಿಪ್ರಿಯನ್ನರ ದಾರಿಯಲ್ಲಿ ಒಬ್ಬೊಬ್ಬರನ್ನೂ ಕೂರಿಸಿ ಕೇಳಬೇಕು. ಬೇಸರದ ಕೆಲಸ. ಆದರೂ ಅದನ್ನೇ ಕಲಿಯಿರಿ.

ಅವರ ಪಾಲಿಗೆ ಬಂದ ಉಳಿದ ಕಷ್ಟಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 252ರ ಸುಮಾರಿಗೆ ಕಾರ್ತೇಜಿಗೆ ಮಹಾಮಾರಿ ಬಂತು. ಅದರ ಭೇದಿ, ವಾಂತಿ, ಕೆಂಪಾದ ಕಣ್ಣುಗಳನ್ನೆಲ್ಲ ಅವರು ಬರೆದಿಟ್ಟಿರುವುದರಿಂದ ಇತಿಹಾಸಕಾರರು ಆ ರೋಗಕ್ಕೆ ಇವತ್ತಿಗೂ ಸಿಪ್ರಿಯನ್ನರ ಹೆಸರಿಟ್ಟೇ ಕರೆಯುತ್ತಾರೆ. ಜನ ಸ್ವಂತದವರನ್ನೇ ಬೀದಿಗೆ ಹಾಕುತ್ತಿದ್ದಾಗ ಅವರು ಸಭೆ ಕರೆದು, ತಮ್ಮವರು ಪರರು ಎನ್ನದೆ ಆರೈಕೆಗೆ ಏರ್ಪಾಡು ಮಾಡಿದರು. ನುಮಿಡಿಯಾದಲ್ಲಿ ದರೋಡೆಕೋರರು ಕ್ರೈಸ್ತರನ್ನು ಹೊತ್ತೊಯ್ದಾಗ ಬಿಡಿಸಲು ಕಾರ್ತೇಜಿನಿಂದ 1,00,000 ಸೆಸ್ಟರ್ಸ್ ಹಣ ಕೂಡಿಸಿ ಕಳಿಸಿದರು. ಹಾಗೆಂದು ದೇವರ ದಯೆಯಿಂದ ಅವರೇನೂ ಸಾಧು ಹಸುವಾಗಿರಲಿಲ್ಲ. ಭಿನ್ನ ಪಂಥದವರು ಕೊಟ್ಟ ದೀಕ್ಷಾಸ್ನಾನ ಸಲ್ಲುತ್ತದೆಯೇ ಎಂಬ ಬಗ್ಗೆ ಪೋಪ್ ಸ್ಟೀಫನ್ನರ ಜೊತೆ ಜೋರು ಜಗಳವಾಡಿದರು. 256ರಲ್ಲಿ 87 ಧರ್ಮಾಧ್ಯಕ್ಷರನ್ನು ಕೂಡಿಸಿ ತಮ್ಮ ಮಾತನ್ನೇ ಗೆಲ್ಲಿಸಿಕೊಂಡರು. ಮುಂದೆ ಪಾಶ್ಚಾತ್ಯ ಧರ್ಮಸಭೆ ಒಪ್ಪಿದ್ದು ರೋಮಿನ ಮಾತನ್ನು. ಆ ವಿಷಯದಲ್ಲಿ ಅವರು ಸೋತರು ಎಂದೇ ನನ್ನ ಲೆಕ್ಕ. ಸಂತರೆಲ್ಲ ಎಲ್ಲ ವಾದಗಳಲ್ಲೂ ಸರಿ ಇರಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ.

257ರಲ್ಲಿ ಕಾಲ ಮತ್ತೆ ಕೆಟ್ಟಿತು. ವಲೇರಿಯನ್ ಚಕ್ರವರ್ತಿಯ ಕಣ್ಣು ನೇರವಾಗಿ ಧರ್ಮಾಧ್ಯಕ್ಷರು, ಗುರುಗಳ ಮೇಲೇ ಬಿತ್ತು. ಆಗಸ್ಟ್ 30ರಂದು ರಾಜ್ಯಪಾಲ ಪ್ಯಾಟರ್ನಸ್ ಸಿಪ್ರಿಯನ್ನರನ್ನು ಕರೆಸಿದ. ಈ ಸಲ ಅವರು ಓಡಲಿಲ್ಲ. ನಾನು ಕ್ರೈಸ್ತ, ಧರ್ಮಾಧ್ಯಕ್ಷ ಎಂದರು. ಊರಿನಲ್ಲಿರುವ ಗುರುಗಳ ಹೆಸರು ಹೇಳು ಎಂದು ಅವನು ಕೇಳಿದ್ದಕ್ಕೆ ಕೊಟ್ಟ ಉತ್ತರ ಕೇಳಿ: ಚಾಡಿಕೋರರು ಇರಕೂಡದು ಎಂದು ನಿಮ್ಮ ಕಾನೂನೇ ಒಳ್ಳೆಯ ಏರ್ಪಾಡು ಮಾಡಿದೆ, ಆದ್ದರಿಂದ ನಾನು ಅವರನ್ನು ತೋರಿಸಿಕೊಡಲಾರೆ. ಎದುರಾಳಿಯ ಕೈಯಲ್ಲಿದ್ದ ಕಾನೂನನ್ನೇ ಹಿಡಿದು ತಮ್ಮವರನ್ನು ಉಳಿಸಿದರು. ಬೈಗುಳ ಇಲ್ಲ, ಘೋಷಣೆ ಇಲ್ಲ. ನಿಮಗೂ ಒಂದು ದಿನ ಯಾರದೋ ಹೆಸರು ಕೇಳುತ್ತಾರೆ. ಆಗ ಈ ಉತ್ತರ ನೆನಪಿರಲಿ.

ಕುರುಬಿಸ್ ಎಂಬ ಕಡಲೂರಿಗೆ ಗಡೀಪಾರಾಯಿತು. ಪಾಂಟಿಯಸ್ ಎಂಬ ಸೇವಕ ಜೊತೆಗೆ ಹೋದ, ಮುಂದೆ ಅವರ ಚರಿತ್ರೆ ಬರೆದವನೂ ಅವನೇ. ಮರುವರ್ಷ ಆಜ್ಞೆ ಇನ್ನೂ ಬಿಗಿಯಾಯಿತು. 258ರ ಆಗಸ್ಟ್ 6ರಂದು ರೋಮಿನಲ್ಲಿ ಪೋಪ್ ಸಿಕ್ಸ್‌ಟಸ್‌ರನ್ನು ಸ್ಮಶಾನದಲ್ಲೇ ಕೊಂದರು. ಆ ಹೊತ್ತಿಗೆ ಸಿಪ್ರಿಯನ್ನರು ಕಾರ್ತೇಜಿನ ತಮ್ಮ ತೋಟಕ್ಕೆ ಮರಳಿ, ಕರೆ ಬರುವುದನ್ನೇ ಕಾಯುತ್ತಿದ್ದರು.

ಇಲ್ಲಿ ಮತ್ತೊಂದು ಸಲ ಅಡಗಿದರು. ಹೌದು, ಸಾವು ಖಂಡಿತ ಎಂದು ಗೊತ್ತಿದ್ದೇ ಅಡಗಿದರು. ಹೊಸ ರಾಜ್ಯಪಾಲ ಗ್ಯಾಲೇರಿಯಸ್ ಮ್ಯಾಕ್ಸಿಮಸ್ ಯುಟಿಕ ಪಟ್ಟಣದಲ್ಲಿದ್ದ, ಅಲ್ಲಿಗೆ ಕರೆದೊಯ್ಯಲು ಆಳುಗಳು ಬಂದರು. ಸಿಪ್ರಿಯನ್ನರು ತಪ್ಪಿಸಿಕೊಂಡು ತಮ್ಮ ಜನಕ್ಕೆ ಕೊನೆಯ ಪತ್ರ ಬರೆದರು. ಧರ್ಮಾಧ್ಯಕ್ಷ ತನ್ನ ಸಾಕ್ಷ್ಯವನ್ನು ತನ್ನ ಊರಿನಲ್ಲಿ, ತನ್ನ ಜನರೆದುರಿಗೆ ನುಡಿಯಬೇಕು, ರಾಜ್ಯಪಾಲ ಕಾರ್ತೇಜಿಗೆ ಬಂದ ದಿನ ನಾನೂ ಬರುತ್ತೇನೆ ಎಂಬುದು ಅದರ ಸಾರ. ಬಂದರೂ ಬಂದರು. 250ರಲ್ಲಿ ಓಡಿಸಿದ್ದೂ ಆ ಜನ, 258ರಲ್ಲಿ ಹಿಂದಕ್ಕೆ ಕರೆತಂದದ್ದೂ ಆ ಜನವೇ. ಮೊದಲ ಸಲ ಕಾಣಿಸಿಕೊಂಡಿದ್ದರೆ ದೊಂಬಿಯಾಗಿ ಊರವರಿಗೆ ಅಪಾಯವಿತ್ತು. ಎರಡನೇ ಸಲ ಪರವೂರಿನಲ್ಲಿ ಸತ್ತಿದ್ದರೆ ಊರವರಿಗೆ ಉಳಿಯುತ್ತಿದ್ದದ್ದು ಬರೀ ಸುದ್ದಿ. ನೀವು ಒಂದು ಜಾಗ ಬಿಡಬೇಕೋ ನಿಲ್ಲಬೇಕೋ ಎಂದು ತೊಳಲಾಡುವ ದಿನ ನನ್ನ ಧೈರ್ಯ ಹೇಗೆ ಕಾಣುತ್ತದೆ ಎಂದು ಯೋಚಿಸಬೇಡಿ. ನಿಮ್ಮನ್ನು ನಂಬಿದವರಿಗೆ ಯಾವುದರಿಂದ ಒಳಿತು ಎಂದು ಕೇಳಿಕೊಳ್ಳಿ.

ಸೆಪ್ಟೆಂಬರ್ 13ರಂದು ಬಂಧನ. ರಾಜ್ಯಪಾಲನಿಗೆ ಮೈ ಸರಿಯಿರಲಿಲ್ಲ, ವಿಚಾರಣೆ ಮರುದಿನಕ್ಕೆ ಹೋಯಿತು. ರಾತ್ರಿ ಒಬ್ಬ ಅಧಿಕಾರಿಯ ಮನೆಯಲ್ಲಿ ಇಟ್ಟರು. ಬೀದಿಯ ತುಂಬ ಜನ, ಯಾರೂ ಮನೆಗೆ ಹೋಗಲಿಲ್ಲ. ಅಷ್ಟರಲ್ಲೂ ಸಿಪ್ರಿಯನ್ನರು ಹೇಳಿ ಕಳಿಸಿದ್ದು, ಗುಂಪಿನಲ್ಲಿರುವ ಹೆಣ್ಣುಮಕ್ಕಳ ಮೇಲೆ ಕಾವಲಿಡಿ ಎಂದು. ಮರುದಿನ ಬಿಸಿಲಲ್ಲಿ ನಡೆದು ಬಂದು ಬೆವರಿನಿಂದ ತೊಯ್ದಿದ್ದರು. ಒಬ್ಬ ಸೈನಿಕ, ಹಿಂದೆ ಕ್ರೈಸ್ತನಾಗಿದ್ದವನು, ಒಣಬಟ್ಟೆ ಕೊಡುತ್ತೇನೆ, ನಿಮ್ಮದನ್ನು ನನಗೆ ಕೊಡಿ ಎಂದ. ಇವತ್ತೇ ಮುಗಿಯುವ ತೊಂದರೆಗೆ ಔಷಧ ಯಾಕೆ ಎಂದು ಅವರು ನಕ್ಕಂತೆ ಉತ್ತರಿಸಿದರಂತೆ. ಆ ಸೈನಿಕನ ಮನಸ್ಸಿನಲ್ಲಿ ಏನಿತ್ತೋ! ಬಿಟ್ಟುಹೋದ ನಂಬಿಕೆಯ ಒಂದು ತುಂಡು ಬಟ್ಟೆಯಾದರೂ ಕೈಗೆ ಸಿಗಲಿ ಎಂದು ಕೇಳಿದನೆಂದೇ ನಾನು ನಂಬಿದ್ದೇನೆ.

ವಿಚಾರಣೆ ಬಹಳ ಚಿಕ್ಕದು. ಹೆಸರು ಕೇಳಿದ, ಹೌದೆಂದರು. ಬಲಿ ಕೊಡು ಎಂದ, ಇಲ್ಲವೆಂದರು. ಯೋಚಿಸು ಎಂದ, ಇಷ್ಟು ಸ್ಪಷ್ಟವಾದದ್ದಕ್ಕೆ ಯೋಚನೆ ಬೇಕಿಲ್ಲ ಎಂದರು. ತೀರ್ಪು ಓದಿದಾಗ ದೇವರಿಗೆ ವಂದನೆ ಹೇಳಿದರು. ವಧಾಸ್ಥಾನದಲ್ಲಿ ಮೇಲುಹೊದಿಕೆ ತೆಗೆದು ಮೊಣಕಾಲೂರಿ ಪ್ರಾರ್ಥಿಸಿದರು. ಅಂಗಿಯನ್ನು ಸೇವಕರ ಕೈಗೆ ಕೊಟ್ಟು ನಾರುಬಟ್ಟೆಯ ಒಳ ಉಡುಪಿನಲ್ಲಿ ನಿಂತರು. ಕೊಲ್ಲುವವನಿಗೆ 25 ಚಿನ್ನದ ನಾಣ್ಯ ಕೊಡಿ ಎಂದು ತಮ್ಮವರಿಗೆ ಹೇಳಿದರು. ರಕ್ತ ಬೀಳುವ ಕಡೆ ಜನ ಬಟ್ಟೆ, ಕರವಸ್ತ್ರ ಹಾಸಿದರು. ಕಣ್ಣಿಗೆ ಬಟ್ಟೆಯನ್ನು ತಾವೇ ಇಟ್ಟುಕೊಂಡರು, ಗಂಟು ಹಾಕಿಕೊಳ್ಳಲು ಆಗಲಿಲ್ಲ. ಜೂಲಿಯನ್ ಎಂಬ ಗುರು, ಜೂಲಿಯನ್ ಎಂಬುವನೇ ಇನ್ನೊಬ್ಬ ಕಿರಿಯ ಸೇವಕ, ಇಬ್ಬರೂ ಮುಂದೆ ಬಂದು ಕಟ್ಟಿದರು. ಕತ್ತಿ ಹಿಡಿದವನ ಕೈಯೇ ನಡುಗಿತು ಎಂದು ಪಾಂಟಿಯಸ್ ಬರೆದಿದ್ದಾನೆ. ರಾತ್ರಿ ಪಂಜು, ಮೇಣದಬತ್ತಿ ಹಿಡಿದು ದೇಹವನ್ನು ಮೆರವಣಿಗೆಯಲ್ಲಿ ಒಯ್ದು ಮಣ್ಣು ಮಾಡಿದರು.

ಕೆಲವೇ ದಿನಗಳಲ್ಲಿ ಆ ರಾಜ್ಯಪಾಲ ಸತ್ತ. 260ರಲ್ಲಿ ವಲೇರಿಯನ್ ಪರ್ಶಿಯನ್ನರ ಸೆರೆಯಾದ, ಅವನ ಮಗ ಗ್ಯಾಲಿಯೀನಸ್ ಹಿಂಸೆ ನಿಲ್ಲಿಸಿ ಧರ್ಮಸಭೆಯ ಸ್ವತ್ತನ್ನು ಹಿಂದಿರುಗಿಸಿದ. ಇದನ್ನು ಕೇಳಿ ಚಪ್ಪಾಳೆ ತಟ್ಟಬೇಡಿ. ರಾಜ್ಯಪಾಲ ಮೊದಲೇ ಕಾಯಿಲೆ ಬಿದ್ದಿದ್ದವನು, ಅವನ ಸಾವನ್ನು ಶಾಪವೆಂದು ಓದುವುದು ಸಿಪ್ರಿಯನ್ನರಿಗೆ ಮಾಡುವ ಮರ್ಯಾದೆಯಲ್ಲ. ತಮ್ಮ ತಲೆ ತೆಗೆಯುವವನಿಗೇ ಬೊಕ್ಕಸ ಬಿಚ್ಚಿದವರು ಅವರು.

ಅವರ ಹಬ್ಬ ಸೆಪ್ಟೆಂಬರ್ 16, ಗೆಳೆಯ ಪೋಪ್ ಕೊರ್ನೇಲಿಯಸ್‌ರ ಜೊತೆಯಲ್ಲಿ. ಪತ್ರಗಳೆಲ್ಲ ಇಂಗ್ಲಿಷ್ ಅನುವಾದದಲ್ಲಿ ಸುಲಭವಾಗಿ ಸಿಗುತ್ತವೆ. ಆ ದಿನ ಸಾವಿನ ವೃತ್ತಾಂತವನ್ನು ಖಂಡಿತ ಓದಿ, ಆದರೆ ಅದಕ್ಕೆ ಮೊದಲು ಅಡಗಿದ್ದಾಗ ಬರೆದ ಪತ್ರಗಳಲ್ಲಿ ಐದನೆಯದು, ಏಳನೆಯದು, ಹನ್ನೆರಡನೆಯದು ಇಷ್ಟನ್ನಾದರೂ ಓದಿ. ಮೂರೂ ಚಿಕ್ಕವು, ಒಂದು ಸಂಜೆಯೂ ಬೇಕಾಗುವುದಿಲ್ಲ.